ಮೊಸರನ್ನ ಸ್ಯಾನ್ ಡಿಯಾಗೋ ಮುಟ್ಟುವ ಹೊತ್ತಿಗೆ

ಆಗ ನನಗೆ ಅರವತ್ಮೂರು. ಈಗ ಅದಕ್ಕೆ ಹದಿನೆಂಟು ವರ್ಷ ಆಗಿಹೋಯಿತು. ಲೆಕ್ಕ ನೀವೇ ಹಾಕಿಕೊಳ್ಳಿ, ವಯಸ್ಸು ಮುಚ್ಚಿಡುವ ಚಟ ನನಗಿಲ್ಲ. ಓದಿದ್ದು ಮೂರನೆಯ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಇದನ್ನು ನಾನೇ ಬರೆದಿದ್ದೇನೆ. ಒತ್ತಕ್ಷರ ಬಿದ್ದುಹೋದಲ್ಲಿ ಮಗಳು ತಿದ್ದಿದ್ದಾಳೆ. ಮಾತನ್ನು ಮಾತ್ರ ತಿದ್ದಬೇಡ ಎಂದು ಹೇಳಿದ್ದೇನೆ.

ಲಾಸ್ ಏಂಜಲಿಸ್‌ನ ಚಾಟ್ಸ್‌ವರ್ತ್‌ನಲ್ಲಿ ಕಾರಿಗೆ ಬಣ್ಣ ಹೊಡೆಯುವ ಶೆಡ್ಡು ಒಂದು ಕಡೆ, ಬಚ್ಚಲಿನ ನಲ್ಲಿ ತಯಾರಿಸುವ ಶೆಡ್ಡು ಇನ್ನೊಂದು ಕಡೆ, ನಡುವಿನ ಶೆಡ್ಡು ನಮ್ಮ ಅಡುಗೆಮನೆ. ಯಜಮಾನ ಹುಬ್ಬಳ್ಳಿಯವನು. ಎಂಜಿನಿಯರ್ ಕೆಲಸ ಬಿಟ್ಟು ಊಟದ ಆರ್ಡರ್ ಹಿಡಿಯುವ ದಂಧೆಗೆ ಇಳಿದಿದ್ದ. ಮದುವೆ, ಸೀಮಂತ, ಹುಟ್ಟುಹಬ್ಬ ಎಲ್ಲೇ ಇರಲಿ, ಇಲ್ಲಿ ಬೇಯಿಸಿ ವ್ಯಾನಿನಲ್ಲಿ ಒಯ್ದು ಬಡಿಸುವುದು. ನನ್ನ ಪಾಲಿನ ಕೆಲಸ ಮೊಸರನ್ನ. ನಾನು ಇದ್ದದ್ದು ನಾರ್ತ್‌ರಿಜ್‌ನಲ್ಲಿ ಮಗಳ ಮನೆಯಲ್ಲಿ, ಹೋಗಿಬರುತ್ತಿದ್ದದ್ದು ಬಸ್ಸಿನಲ್ಲಿ. ಮಗಳು ಅಳಿಯ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಸೋಫಾದ ಮೇಲೆ ಕೂತು ಬೀದಿ ನೋಡುವುದು ನನ್ನಿಂದಾಗದು. ಈ ದೇಶದಲ್ಲಿ ಯಾರನ್ನೂ ಕೇಳದೆ ನಾನು ಹೋಗಿ ನಿಲ್ಲಬಹುದಾದ ಜಾಗ ಎಂದರೆ ಆ ಅಡುಗೆಮನೆಯೊಂದೇ.

ಸ್ಯಾನ್ ಡಿಯಾಗೋದಲ್ಲಿ ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಶಾಲೆ ನಡೆಯುತ್ತಿತ್ತು. ಪಾಠ ಮುಗಿದ ಮೇಲೆ ಎಲ್ಲ ಮನೆಯವರೂ ಸೇರಿ ಊಟ ಮಾಡುತ್ತಿದ್ದರು. ಆ ಊಟ ನಮ್ಮದು. ಬೆಳಿಗ್ಗೆ ವ್ಯಾನು ತುಂಬಿ, ನಾನೂರೈದರ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋಗಬೇಕು. ಕಲ್ವರ್ ಸಿಟಿ ಹತ್ತಿರ ರಜೆಯ ದಿನವೂ ಕಾರುಗಳು ಎಮ್ಮೆಯ ಹಾಗೆ ಅಡ್ಡ ನಿಂತಿರುತ್ತಿದ್ದವು. ಎಷ್ಟು ಹೊತ್ತಿಗೆ ಮುಟ್ಟುತ್ತೇವೆಂದು ದೇವರೂ ಹೇಳಲಾರ. ಮೊದಲು ಶಾಲೆಗೆ ಬರುತ್ತಿದ್ದವರು ಕೆಲವೇ ಮನೆಯವರು, ಎಲ್ಲ ಸರಿಯಾಗಿತ್ತು. ಮಂದಿ ಹೆಚ್ಚಾದರು, ಪಾತ್ರೆ ದೊಡ್ಡದಾಯಿತು, ಮೊಸರನ್ನ ಹುಳಿಯಾಗತೊಡಗಿತು. ಮೊದಲ ಸಲ ತಪ್ಪನ್ನು ಹವೆಯ ಮೇಲೆ ಹಾಕಿದೆವು. ಎರಡನೆಯ ಸಲ ಯಜಮಾನ ಖಾಲಿಯಾಗದ ಪಾತ್ರೆಯನ್ನು ವಾಪಸ್ ತಂದು ನನ್ನ ಮುಂದೆ ಇಟ್ಟ.

"ಅಕ್ಕಾರ, ಮತ್ತ ಹುಳಿ ಬಂದಿತ್ರಿ. ಒಂದು ಹುಡುಗಿ ತುತ್ತು ಬಾಯಾಗ ಇಟ್ಟು 'ಯಕ್' ಅಂತ ತಾಟಿನಾಗ ಉಗುಳೇಬಿಟ್ಟಳು. ಅವರಪ್ಪ ನನ್ನ ಕಡೆ ನೋಡಿ ನಕ್ಕ. ನಗೂ ಬದಲು ಬೈದಿದ್ರ ಚೊಲೋ ಇತ್ತು."

"ಇಲ್ಲಿಂದ ಹೊಂಟಾಗ ಹಾಲಿನಂಗ ಇತ್ತಲ್ಲೋ ತಮ್ಮಾ."

"ಇಲ್ಲಿ ಯಾರು ಉಣ್ತಾರ್ರಿ? ಉಣ್ಣಾವ್ರು ಅಲ್ಲಿದ್ದಾರ. ಆ ನಕ್ಕಾವನ ತಂಗಿ ಮದುವಿ ಆರ್ಡರ್ ನಮಗ ಬಂದೈತಿ. ಇನ್ನ ಹಿಂಗಾತಂದ್ರ ಮೊಸರನ್ನ ಬಂದ್. ಅಂಗಡಿ ಮೊಸರಿನ ಡಬ್ಬಿ ಇಟ್ಟುಬಿಡೂಣು. ನೀವೂ ಭಾಳ ದುಡಿದೀರಿ, ಮನ್ಯಾಗ ಆರಾಮಿರ್ರಿ."

ಆರಾಮಿರ್ರಿ ಎಂದರೆ ಏನೆಂದು ನನಗೆ ತಿಳಿಯುತ್ತದೆ. ಸೋಫಾ.

ಪ್ರಯಾಣದ ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಕಮ್ಮಿ ಹಾಕಬೇಕು. ದಾರಿಯಲ್ಲಿ ಅದೇ ಹದಕ್ಕೆ ಬರುತ್ತದೆ. ಇದು ನಮ್ಮ ಕಡೆ ಬುತ್ತಿ ಕಟ್ಟುವ ಎಲ್ಲ ಹೆಂಗಸರಿಗೂ ಗೊತ್ತಿರುವ ಮಾತು. ಮೊಸರು ಇನ್ನೂ ಕಮ್ಮಿ ಮಾಡಿ ನೋಡಿದ್ದೆ, ಆದರೂ ಹುಳಿಯಾಗಿತ್ತು. ಹಿಂದಿನ ದಿನವೇ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಅಗುಳು ಕಲ್ಲಾಗುತ್ತದೆ. ಅಲ್ಲಿಗೆ ಹೋಗಿ ಕಲಸೋಣವೆಂದರೆ ಆ ಸಭಾಂಗಣದವರು ಬಡಿಸಲು ಮಾತ್ರ ಬಿಡುತ್ತಿದ್ದರು. ಲೈಸೆನ್ಸ್ ಇರುವ ಅಡುಗೆಮನೆಯಲ್ಲೇ ಎಲ್ಲವೂ ತಯಾರಾಗಿರಬೇಕು. ನನ್ನ ಬುದ್ಧಿ ಅಲ್ಲಿಗೆ ಮುಗಿಯಿತು.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಓದುವ ಹುಡುಗಿಯರು ಬಾಡಿಗೆ ಹಂಚಿಕೊಂಡು ಇದ್ದರು. ಅವರಲ್ಲಿ ಒಬ್ಬಳು ಮೈಸೂರಿನವಳು, ಮುಸಲ್ಮಾನರ ಹುಡುಗಿ, ಅಪ್ಪನಿಗೆ ಅಲ್ಲಿ ವಾಚ್ ರಿಪೇರಿ ಅಂಗಡಿ. ಇಲ್ಲಿಯ ಯೂನಿವರ್ಸಿಟಿಯಲ್ಲಿ ಗಣಿತ ಓದುತ್ತಿದ್ದಳು. ಬಾಯಿ ಸುಮ್ಮನಿರುತ್ತಿರಲಿಲ್ಲ, ಪೆನ್ನೂ ಸುಮ್ಮನಿರುತ್ತಿರಲಿಲ್ಲ. ಆ ಸಂಜೆ ಮೆಟ್ಟಿಲ ಮೇಲೆ ಕೂತು ನಾನು ಯಜಮಾನನನ್ನೂ ಫ್ರೀವೇಯನ್ನೂ ಬೈಯುತ್ತಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ನನ್ನನ್ನು ಸಮಾಧಾನ ಮಾಡುವುದು ಬಿಟ್ಟು, ಕಣ್ಣು ಅರಳಿಸಿದಳು.

"ಆಂಟಿ, ಈ ಪ್ರಾಬ್ಲಮ್ ನನಗೆ ಕೊಡ್ತೀರಾ?"

"ಬ್ಯಾನಿ ಯಾರಾದ್ರೂ ಬೇಡಿ ಇಸ್ಕೋತಾರೇನ ಹುಚ್ಚಿ?"

"ನನಗೆ ಬೇಕು ಆಂಟಿ. ಕ್ಲಾಸಲ್ಲಿ ಎಲ್ಲರೂ ಹೊರಗಿನ ಒಂದು ನಿಜವಾದ ಪ್ರಾಬ್ಲಮ್ ತಂದು ಅದಕ್ಕೆ ಗಣಿತ ಕಟ್ಟಬೇಕು. ಒಬ್ಬ ಸಿಗ್ನಲ್ ಲೈಟ್ ತಗೊಂಡ, ಇನ್ನೊಬ್ಬ ಬ್ಯಾಂಕ್ ಕ್ಯೂ. ನಾನು ನಮ್ಮ ವಾಷಿಂಗ್ ಮೆಷೀನ್ ಕ್ಯೂ ಅಂದೆ. 'ಇದರಿಂದ ಯಾರಿಗೆ ನಿದ್ದೆ ಕೆಟ್ಟಿದೆ?' ಅಂತ ಕೇಳಿದ್ರು ಪ್ರೊಫೆಸರ್. ಯಾರಿಗೂ ಕೆಟ್ಟಿಲ್ಲ ಅಂದೆ. ವಾಪಸ್ ಕಳಿಸಿದ್ರು."

"ನನಗ ಕೆಟ್ಟೈತಿ ನೋಡವಾ."

"ಅದಕ್ಕೇ ಕೇಳ್ತಿರೋದು!"

ಲೆಕ್ಕದಿಂದ ಮೊಸರು ಹುಳಿಯಾಗುವುದು ನಿಂತೀತೆಂದು ನಾನು ನಂಬಲಿಲ್ಲ. ಆದರೆ ಬೇರೆ ಯಾರೂ ಏನೂ ಹೇಳುತ್ತಿರಲಿಲ್ಲ. ಬಾ ಎಂದೆ.

ಅವಳು ಮೊದಲು ಬಂದ ದಿನ ಲೆಕ್ಕವನ್ನೇ ಮಾಡಲಿಲ್ಲ. ಪ್ರಶ್ನೆ ಕೇಳಿದಳು. ಅಕ್ಕಿ ಯಾವುದು, ಹಾಲು ಯಾವಾಗ ಹಾಕುತ್ತೀರಿ, ಅನ್ನ ಆರಿದೆ ಎಂದು ಹೇಗೆ ತಿಳಿಯುತ್ತದೆ? ಅಂಗೈ ಹಿಂಭಾಗವನ್ನು ಅನ್ನದ ಮೇಲಿಟ್ಟು ತೋರಿಸಿದೆ. ತಲೆ ಆಡಿಸಿ ಬರೆದುಕೊಂಡಳು. ಆಮೇಲೆ ಉದ್ದ ಕಡ್ಡಿಯಂಥ ಥರ್ಮಾಮೀಟರನ್ನು ಪಾತ್ರೆಯ ನಟ್ಟನಡುವೆ ಇಳಿಸಿ, ನನ್ನ ಕೈ ಹಿಡಿದು, "ಇಲ್ಲಿ ಬೆರಳು ತೂರಿಸಿ ಆಂಟಿ" ಎಂದಳು. ಮೇಲೆ ತಣ್ಣಗಿದ್ದ ಅನ್ನ ಒಳಗೆ ಬಾಣಂತಿಗೆ ಎರೆಯುವ ನೀರಿನ ಹಾಗೆ ಬೆಚ್ಚಗಿತ್ತು. ಕೈ ಹಿಂದೆ ತೆಗೆದೆ. ಸಣ್ಣ ಪಾತ್ರೆಯ ಕಾಲಕ್ಕೆ ಸರಿಯಾಗಿದ್ದ ಕೈ ಅದು.

ನಂತರ ಕಾಗದದ ಮೇಲೆ ಒಂದು ಗೆರೆ ಎಳೆದಳು. ಮೇಲಿನಿಂದ ಧಡಧಡ ಇಳಿದು, ಆಮೇಲೆ ನಿಧಾನವಾಗಿ ನೆಲಕ್ಕೆ ಒರಗುವ ಗೆರೆ. ಬಹಳ ಬಿಸಿ ಇರುವುದು ಬೇಗ ಇಳಿಯುತ್ತದೆ, ಹೊರಗಿನ ಗಾಳಿಯ ಮಟ್ಟಕ್ಕೆ ಹತ್ತಿರವಾದ ಹಾಗೆ ಸೋಮಾರಿಯಾಗುತ್ತದೆ. ಬಟ್ಟಲಲ್ಲಿ ಬಡಿಸಿದ ಸಾರಿನಲ್ಲಿ ಇದನ್ನು ನಾನು ದಿನವೂ ನೋಡಿದ್ದೆ, ಗೆರೆಯಾಗಿ ನೋಡಿರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಳು, ಮೊಸರು ಹುಳಿಯೇರುವುದರದು. ಬೆಚ್ಚಗಿದ್ದಷ್ಟು ಹೊತ್ತು ಅದು ಮೇಲೇರುತ್ತದೆ. ಮೊದಲ ಗೆರೆ ಹೇಳಿದ ಹಾಗೆ ಎರಡನೆಯದು ಕೇಳಬೇಕು. ವ್ಯಾನು ಸ್ಯಾನ್ ಡಿಯಾಗೋ ಮುಟ್ಟಿ ಮಕ್ಕಳು ತಾಟಿನ ಮುಂದೆ ಕೂರುವಾಗ ಆ ಎರಡನೆಯ ಗೆರೆ ಎಲ್ಲಿರುತ್ತದೆ? ನಮ್ಮ ಪ್ರಶ್ನೆ ಅಷ್ಟೇ.

ಅವಳ ಪ್ರತಿ ಮಾತೂ "ಹೀಗೆ ಅಂತ ಇಟ್ಕೊಳ್ಳೋಣ" ಎಂದೇ ಶುರುವಾಗುತ್ತಿತ್ತು. ಪಾತ್ರೆ ದುಂಡಗಿದೆ ಅಂತ ಇಟ್ಕೊಳ್ಳೋಣ. ಸುತ್ತಲೂ ವ್ಯಾನಿನ ಗಾಳಿ ಇದೆ, ಅದು ಬದಲಾಗಲ್ಲ ಅಂತ ಇಟ್ಕೊಳ್ಳೋಣ. ಹಾಗೆ ಇಟ್ಟುಕೊಂಡದ್ದನ್ನೆಲ್ಲ ಒಂದರ ಕೆಳಗೊಂದು ಬರೆಯುತ್ತಿದ್ದಳು. ನನಗೆ ರೇಗಿತು.

"ಬರೇ ಇಟ್ಕೊಳ್ಳೂದ ಆತಲ್ಲವಾ. ಖರೇ ಯಾವಾಗ?"

"ಖರೇದು ಪೂರ್ತಿ ಲೆಕ್ಕದಲ್ಲಿ ಹಿಡಿಯಲ್ಲ ಆಂಟಿ. ಬೇಕಾದಷ್ಟನ್ನ ಮಾತ್ರ ತಗೊಂಡು, ಉಳಿದದ್ದನ್ನ ಬಿಟ್ಟು ಒಂದು ಮಾಡೆಲ್ ಮಾಡ್ತೀವಿ. ಅದು ಪಾತ್ರೆ ಅಲ್ಲ. ಆದ್ರೆ ಪಾತ್ರೆ ಏನು ಮಾಡುತ್ತೆ ಅಂತ ಹೇಳುತ್ತೆ."

"ಅಳತಿ ಕುಬಸ ಅನ್ನು."

"ಏನದು?"

"ಬಟ್ಟಿ ಹೊಲಿಯೂ ಸಿಂಪಿಗ್ಯಾನ ಅಂಗಡಿಗೆ ನಾ ಹೋಗೂದಿಲ್ಲ. ನನ್ನ ಹಳೇ ಕುಬಸ ಹೋಕ್ಕೈತಿ. ಅದಕ್ಕ ತಲಿ ಇಲ್ಲ, ಕಾಲಿಲ್ಲ. ಆದ್ರ ಹೊಸಾದು ನನಗ ಬರೋಬ್ಬರಿ ಕೂಡ್ತೈತಿ."

"ದಪ್ಪ ಆಗಿದ್ರೆ?"

"ಆಗ ಹಳೇ ಕುಬಸ ಕೊಟ್ಟಾಕೀದು ತಪ್ಪು, ಸಿಂಪಿಗ್ಯಾಂದಲ್ಲ."

ಅವಳು ಬಿದ್ದು ಬಿದ್ದು ನಕ್ಕಳು.

ಮುಂದೆ ಒಂದು ಜಗಳ ಬಂತು. ಹುಳಿಯನ್ನು ಅಳೆಯುವುದು ಹೇಗೆ? ನಾನು ರುಚಿ ನೋಡಿ ಹೇಳುತ್ತೇನೆ ಎಂದೆ. ಸಾಲಾಗಿ ಬಟ್ಟಲು ಇಟ್ಟು, ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ನಂಬರು ಕೊಡಿ ಅಂದಳು. ಕೊಟ್ಟೆ. ಕಡೆಗೆ ಎರಡು ಬಟ್ಟಲು ಬೇರೆ ಮಾಡಿ ತೋರಿಸಿದಳು. ಎರಡರಲ್ಲೂ ಇದ್ದದ್ದು ಒಂದೇ ಮೊಸರನ್ನ. ನಾನು ಒಂದಕ್ಕೆ ಮೂರು, ಇನ್ನೊಂದಕ್ಕೆ ಆರು ಕೊಟ್ಟಿದ್ದೆ.

"ನನ್ನನ್ನ ಪರೀಕ್ಷಾ ಮಾಡ್ತೀಯೇನ?" ಎಂದು ಸೌಟು ಎತ್ತಿದೆ.

"ನಿಮ್ಮನ್ನಲ್ಲ ಆಂಟಿ, ನಾಲಿಗೆನ. ನನ್ನ ನಾಲಿಗೆಗೂ ಮಾಡಿದ್ದೀನಿ, ನೋಡಿ ಇಲ್ಲಿ." ಅವಳು ತನ್ನ ನಂಬರು ತೋರಿಸಿದಳು. ನನಗಿಂತ ಕಡೆ. "ತುಂಬಾ ಹುಳಿ ತಿಂದ ಮೇಲೆ ಕಮ್ಮಿ ಹುಳಿ ಗೊತ್ತೇ ಆಗಲ್ಲ."

ಸೌಟು ಕೆಳಗಿಟ್ಟೆ. ಅಂದಿನಿಂದ ಅವಳು ಕಾಲೇಜಿನಿಂದ ತಂದ ಕಾಗದದ ಪಟ್ಟಿಗಳೇ ನಮ್ಮ ನಾಲಿಗೆ. ಅದ್ದಿದರೆ ಬಣ್ಣ ಬದಲಾಗುತ್ತದೆ, ಬಣ್ಣ ನೋಡಿ ಹುಳಿ ಎಷ್ಟೆಂದು ಹೇಳಬಹುದು. ಪಟ್ಟಿಯ ಯಾವ ಬಣ್ಣದ ತನಕ ಜನ ಸಂತೋಷವಾಗಿ ತಿನ್ನುತ್ತಾರೆ ಎನ್ನುವುದನ್ನು ಮಾತ್ರ ನನ್ನನ್ನೂ ಅಕ್ಕಪಕ್ಕದ ಮನೆಯವರನ್ನೂ ಕೂರಿಸಿ, ಯಾವುದು ಯಾವುದೆಂದು ಹೇಳದೆ ತಿನ್ನಿಸಿ ಗೊತ್ತುಮಾಡಿಕೊಂಡಳು.

ಅವಳ ಲೆಕ್ಕ ಒಂದು ಉತ್ತರ ಕೊಟ್ಟಿತು. ಆಳದ ಪಾತ್ರೆ ಬೇಡ, ಅಗಲವಾದ ತೆಳು ಟ್ರೇಗಳಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚು ದಪ್ಪ ಇರದಂತೆ ಹರಡಿ, ತಣ್ಣನೆಯ ಕೋಣೆಯಲ್ಲಿಟ್ಟು ನಡುಭಾಗವೂ ಆರಿದ ಮೇಲೆ ವ್ಯಾನಿಗೆ ಹಾಕಿ. ಯಜಮಾನ ಗೊಣಗುತ್ತಲೇ ಟ್ರೇ ತಂದ. ಹುಡುಗಿ ಕೋಟಿನ ಗುಂಡಿಯಷ್ಟು ಪುಟ್ಟ ಥರ್ಮಾಮೀಟರುಗಳನ್ನು ಒಂದೊಂದು ಟ್ರೇಗೂ ಕಟ್ಟಿದಳು. ದಾರಿಯುದ್ದಕ್ಕೂ ಬಿಸಿಯನ್ನು ತಾನೇ ಬರೆದುಕೊಳ್ಳುವ ಜಾತಿಯವು. ವ್ಯಾನು ಹೋಯಿತು. ನಾವಿಬ್ಬರೂ ಚಾಟ್ಸ್‌ವರ್ತ್‌ನಲ್ಲೇ ಉಳಿದೆವು.

ಸಂಜೆ ಯಜಮಾನ ಬಂದು ಟ್ರೇಗಳನ್ನು ಎರಡು ಸಾಲು ಮಾಡಿದ. ಒಂದು ಸಾಲು ಖಾಲಿ. ಇನ್ನೊಂದು ಸಾಲು ಮುಟ್ಟಿಲ್ಲ.

"ಇವು ಚೊಲೋ ಇದ್ದುವ್ರಿ. ಇವು ಹುಳಿ. ಮುಚ್ಚಳಾ ತೆಗದು ಮೂಸಿ ನೋಡಿ ಬಡಸಲಿಲ್ಲ, ಊಟ ಕಮ್ಮಿ ಬಿತ್ತು. ಅಕ್ಕಾರ, ಮದುವಿ ಮನ್ಯಾವ್ರು ಮೆನು ಕೇಳಾಕ್ಹತ್ಯಾರ. ಮುಂದಿನ ಶಾಲಿ ಭಾನುವಾರದ್ದು ಕಡೀದು ನೋಡ್ರಿ. ಅದರ ಮ್ಯಾಲ ಹೇಳಿಬಿಡ್ತೀನಿ."

ಒಂದೇ ಕೈ ಕಲಸಿದ್ದು, ಒಂದೇ ಹಾಲು, ಒಂದೇ ವ್ಯಾನು. ಹುಡುಗಿ ಗುಂಡಿಗಳನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗೆರೆ ತೆಗೆದಳು. ಚೆನ್ನಾಗಿದ್ದ ಟ್ರೇಗಳ ಗೆರೆ ಅವಳು ಹೇಳಿದ ಹಾಗೇ ಹೋಗಿತ್ತು. ಹಾಳಾದವುಗಳ ಗೆರೆ ಏರಿತ್ತು. ಕೆಳಗೆ ಒಲೆ ಇಲ್ಲ, ಬೆಂಕಿ ಇಲ್ಲ, ತಣ್ಣಗೆ ಹೋದ ಅನ್ನ ದಾರಿಯಲ್ಲಿ ತಾನಾಗಿ ಬಿಸಿಯೇರಿತ್ತು. ಗುಂಡಿಗಳೇ ಕೆಟ್ಟಿವೆ ಎಂದು ಅವಳು ನೀರಿನಲ್ಲಿಟ್ಟು ಪರೀಕ್ಷೆ ಮಾಡಿದಳು. ಕೆಟ್ಟಿರಲಿಲ್ಲ.

ಆ ವಾರ ಅವಳು ಕ್ಲಾಸಿನಲ್ಲಿ ತನ್ನ ಕೆಲಸ ತೋರಿಸಬೇಕಿತ್ತು. ಸಮಸ್ಯೆ ಯಾರದೋ ಅವರನ್ನೂ ಕರೆದುಕೊಂಡು ಬರಬೇಕೆಂಬುದು ಅಲ್ಲಿಯ ಪದ್ಧತಿ. ಹೋದೆ. ಇಳಕಲ್ ಸೀರೆ ಉಟ್ಟು, ಮೇಲೆ ಅಳಿಯನ ಸ್ವೆಟರ್ ಹಾಕಿಕೊಂಡು, ಹುಡುಗರ ನಡುವೆ ಕೈಪಟ್ಟಿ ಇರುವ ಕುರ್ಚಿಯಲ್ಲಿ ಕೂತೆ. ಪ್ರೊಫೆಸರ್ ಎಂದರೆ ಸೂಟಿನ ಗಂಡಸು ಇರಬಹುದೆಂದುಕೊಂಡಿದ್ದೆ. ಬಿಳಿ ಕೂದಲಿನ ಹೆಂಗಸು, ಕಾಲಲ್ಲಿ ಕ್ಯಾನ್ವಾಸ್ ಶೂ, ಬೆರಳ ತುಂಬ ಸೀಮೆಸುಣ್ಣ. ನನ್ನ ಹತ್ತಿರ ಬಂದು ಕೈ ಕುಲುಕಿ, ಹುಡುಗಿಯ ಬಾಯಲ್ಲಿ ಕೇಳಿಸಿದರು: "ಎಷ್ಟು ಸರಿಹೋದರೆ ನಿಮಗೆ ಸಾಕು?"

ಯಾರೂ ನನ್ನನ್ನು ಅದು ಕೇಳಿರಲಿಲ್ಲ. ಯೋಚಿಸಿ ಹೇಳಿದೆ: "ಕಡೀ ಪಂಕ್ತಿ ಎದ್ದು ಕೈ ತೊಳಕೊಳ್ಳೂ ತನಕ ಹುಳಿ ಬರಬಾರದು. ಆಮ್ಯಾಲ ಏನರ ಆಗವಲ್ದ್ಯಾಕ." ಅವರು ಅದನ್ನು ಹಲಗೆಯ ಮೇಲೆ ಬರೆದರು.

ಹುಡುಗಿ ಗೆರೆಗಳನ್ನು ತೋರಿಸಿದಳು. ಏರಿದ್ದನ್ನೂ ಮುಚ್ಚಿಡಲಿಲ್ಲ, ನನ್ನ ಮಾಡೆಲ್ ಇಲ್ಲಿ ಸೋತಿದೆ ಎಂದು ತಾನೇ ಹೇಳಿದಳು. ನಮ್ಮಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅಡುಗೆಯವನು ತನ್ನ ತಾಯಾಣೆಗೂ ಒಪ್ಪುವುದಿಲ್ಲ. ಇಲ್ಲಿ ಇಷ್ಟು ಜನರ ಮುಂದೆ ಇವಳು ನೆಟ್ಟಗೆ ನಿಂತು ತಪ್ಪನ್ನು ಕಡ್ಡಿಯಿಂದ ತೋರಿಸುತ್ತಿದ್ದಳು, ಯಾರೂ ನಗಲಿಲ್ಲ. ಅವಳ ಕಾಗದದಲ್ಲಿ ಹಳೆಯ ಊಹೆಯೊಂದನ್ನು ಬಳಿದು ಕಪ್ಪು ಮಾಡಿದ್ದು ನೋಡಿ ಪ್ರೊಫೆಸರ್ ಮುಖ ಸಿಂಡರಿಸಿದರು. ತಪ್ಪಿದ್ದನ್ನು ಅಳಿಸಬಾರದಂತೆ. ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಎಲ್ಲಿ ತಪ್ಪಿದೆವೆಂದು ನಾಳೆ ಅದೇ ಹೇಳುತ್ತದೆ.

ಆಮೇಲೆ ಅವಳು "ಇಟ್ಟುಕೊಂಡ" ಮಾತುಗಳ ಪಟ್ಟಿ ಹಿಡಿದು ಒಂದೇ ಪ್ರಶ್ನೆ ಕೇಳಿದರು. ಹುಡುಗಿ ಕೆಂಪಾದಳು. ಏನಂದರು ಎಂದು ನಾನು ತಿವಿದೆ.

"ಇದರಲ್ಲಿ ನೀನು ಕಣ್ಣಾರೆ ನೋಡದೇ ಇರೋದು ಯಾವುದು ಅಂತ ಕೇಳಿದ್ರು."

"ಯಾವುದು?"

"ಸುತ್ತಲೂ ಗಾಳಿ ಇದೆ ಅಂತ ಬರೆದಿದ್ದೀನಿ ಆಂಟಿ. ವ್ಯಾನ್ ತುಂಬೋದು ನಾನು ನೋಡೇ ಇಲ್ಲ."

ಕಡೆಯ ಆ ಭಾನುವಾರಕ್ಕೆ ಮುಂಚಿನ ದಿನ ಒಂದು ಹುಟ್ಟುಹಬ್ಬದ ಆರ್ಡರ್ ಇತ್ತು. ಅವಳು ಬಂದು ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಯಜಮಾನನೂ ನಾನೂ ಎಂದಿನಂತೆ ತುಂಬತೊಡಗಿದೆವು. ಮೊದಲು ಮೊಸರನ್ನ ಒಳಗೆ, ಕಟ್ಟಕಡೆಯ ಮೂಲೆಗೆ. ಅದಕ್ಕೆ ಒತ್ತಿ ಅನ್ನ, ಸಾರು. ಆಮೇಲೆ ಸಾಂಬಾರು, ಬಿಸಿಬೇಳೆಬಾತ್. ಆಮೇಲೆ ಪಲ್ಯ. ಬಾಗಿಲ ಹತ್ತಿರ ಕೋಸಂಬರಿ, ಉಪ್ಪಿನಕಾಯಿ. ಪಾತ್ರೆ ಉರುಳಬಾರದೆಂದು ನಡುವೆ ಗೋಣಿತಾಟು ತುರುಕಿ ಬಿಗಿ ಮಾಡಿದೆವು.

"ಆಂಟಿ, ಮೊಸರನ್ನ ಯಾಕೆ ಅಷ್ಟು ಒಳಗೆ?"

"ಕಡೀಗೆ ಬಡಸೂದಲ್ಲ, ಅದಕ್ಕ ಒಳಗ. ಉಪ್ಪು ಮೊದಲ ಬಡಸೂದು, ಅದಕ್ಕ ಬಾಗಲದಾಗ. ಇಳಿಸಿಕೋತ ಹೋದಂಗ ಬಡಿಸಿಕೋತ ಹೋಗೂದು." ಇಷ್ಟೂ ತಿಳಿಯುವುದಿಲ್ಲವೇ ಎಂದು ನನಗೆ ನಗು ಬಂತು.

ಅವಳು ವ್ಯಾನು ಹತ್ತಿ, ಸಾರಿನ ಪಾತ್ರೆಗೂ ಮೊಸರನ್ನದ ಟ್ರೇಗೂ ನಡುವೆ ಕೈ ತೂರಿಸಿದಳು. ಸುಟ್ಟುಕೊಂಡವಳಂತೆ ಹಿಂದೆ ಎಳೆದಳು. ಹೊರಗೆ ಬಂದು ಕಾಗದ ತೆಗೆದು, "ಸುತ್ತಲೂ ಗಾಳಿ" ಎಂದಿದ್ದರ ಮೇಲೆ ಒಂದೇ ಒಂದು ಗೆರೆ ಎಳೆದಳು.

ಬಾಳೆಯೆಲೆಯ ಮೇಲಿನ ಸಾಲನ್ನೇ ನಾವು ವ್ಯಾನಿನೊಳಗೆ ಕಟ್ಟಿದ್ದೆವು. ಕಡೆಗೆ ಉಣ್ಣುವುದಕ್ಕೆ ಕಡೆಯ ಮೂಲೆ. ಬಿಸಿ ಸಾರು ಫ್ರೀವೇ ಉದ್ದಕ್ಕೂ ಅದಕ್ಕೆ ಕಾವು ಕೊಟ್ಟುಕೊಂಡು ಬರುತ್ತಿತ್ತು, ಕೋಳಿ ಮೊಟ್ಟೆಗೆ ಕೊಟ್ಟ ಹಾಗೆ. ಸಾರಿಗೆ ತಾಗಿ ನಿಂತ ಸಾಲು ಹುಳಿಯಾಗಿತ್ತು, ಅದರಾಚೆ ವ್ಯಾನಿನ ಗೋಡೆಗಿದ್ದ ಸಾಲು ಉಳಿದಿತ್ತು. ಈ ದೇಶದಲ್ಲಿ ಬೇರೆ ಯಾವ ಜನರೂ ಈ ತಪ್ಪು ಮಾಡಲಾರರು. ಅವರಿಗೆ ಎಲೆಯ ಸಾಲೇ ಇಲ್ಲ.

"ಆತು ಬಿಡು," ಎಂದೆ, "ನಾಳೆ ಎಲ್ಲಾ ಟ್ರೇ ಬಾಗಲ ಹತ್ರ ಇಡೂಣು. ನಡಕ್ಕ ಐಸ್ ಪೆಟ್ಟಿಗಿ, ಕೋಸಂಬರಿ. ಮುಗೀತು."

ಯಜಮಾನನಿಗೆ ಒಪ್ಪಿಗೆಯಿಲ್ಲ. "ಮೊಸರನ್ನ ಮೊದಲ ಇಳಿಸಿದ್ರ ಮಂದಿ ನಗ್ತಾರ್ರಿ, ಊಟ ಉಲ್ಟಾ ತಂದಾನ ಅಂತ."

"ಹುಳಿ ಉಣ್ಣಿಸಿದಾಗ ನಕ್ಕಿಲ್ಲೇನು?" ಎಂದೆ. ಗೊಣಗುತ್ತಾ ನಾಳೆಗೆ ಐಸ್ ಪೆಟ್ಟಿಗೆ ಹುಡುಕಲು ಒಳಗೆ ಹೋದ.

ಹುಡುಗಿಗೂ ಒಪ್ಪಿಗೆಯಿಲ್ಲ. "ಎಲ್ಲಾ ಟ್ರೇ ಅಲ್ಲ ಆಂಟಿ. ಎಲ್ಲಾನೂ ಬಾಗಿಲಲ್ಲಿಟ್ಟು ನಾಳೆ ಚೆನ್ನಾಗಿದ್ರೆ, ಅದು ಜಾಗದಿಂದಲಾ, ಮೋಡ ಇತ್ತು ಅಂತಲಾ, ಟ್ರಾಫಿಕ್ ಕಮ್ಮಿ ಇತ್ತು ಅಂತಲಾ? ಹೇಗೆ ಗೊತ್ತಾಗುತ್ತೆ? ಒಂದು ಟ್ರೇ ಹಳೇ ಜಾಗದಲ್ಲೇ, ಸಾರಿನ ಪಕ್ಕದಲ್ಲೇ ಇರಬೇಕು. ಅದು ಹಾಳಾಗಬೇಕು."

"ಹಾಳಾಗಲಿ ಅಂತ ಅನ್ನ ಕಲಸ್ಲ್ಯಾ?"

ನಮ್ಮ ತಾಯಿ ತಾಟಿನ ಹೊರಗೆ ಬಿದ್ದ ಅಗುಳನ್ನು ಹೆಕ್ಕಿ ತಿನ್ನಿಸಿದವಳು. ನೆಲ ನೆಕ್ಕಿಸಿದಳು ಎಂದರೂ ಸುಳ್ಳಲ್ಲ. ಆದರೂ ಲೆಕ್ಕ ಹಾಕಿದೆ. ಬರೀ ಅದೃಷ್ಟದಿಂದ ನಾಳೆ ಗೆದ್ದರೆ ಯಜಮಾನ ಮದುವೆಗೆ ಮೊಸರನ್ನ ಬರೆಸುತ್ತಾನೆ. ಮದುವೆಯ ದಿನ ಬಿಸಿಲು ಬಂದರೆ, ವ್ಯಾನು ನಿಂತರೆ, ನೂರಾರು ತಾಟಿನಲ್ಲಿ ಹುಳಿ. ಆಗ ಚೆಲ್ಲುವುದು ಒಂದು ಟ್ರೇ ಅಲ್ಲ. ಕುಬಸ ಹೊಲಿಸುವ ಮುಂಚೆ ಅಳತೆ ನೋಡುವುದೇ ಸೈ.

"ಒಂದ ಟ್ರೇ," ಎಂದೆ. "ಹೆಚ್ಚಿಂದು ಮಾಡ್ತೀನಿ. ಬಡಸೂದರಾಗ ತಗೀಬ್ಯಾಡ. ನಾವಿಬ್ರೂ ವ್ಯಾನಿನಾಗ ಹೋಗೂಣು."

ಜೀವಮಾನದಲ್ಲಿ ಚೆಲ್ಲುವುದಕ್ಕೆಂದು ನಾನು ಅನ್ನ ಕಲಸಿದ್ದು ಅದೊಂದೇ ಸಲ. ಕಾಟಾಚಾರಕ್ಕೆ ಕಲಸಲಿಲ್ಲ. ಉಳಿದವಕ್ಕೆ ಹಾಕಿದಷ್ಟೇ ಶುಂಠಿ, ಅಷ್ಟೇ ಇಂಗಿನ ಒಗ್ಗರಣೆ. ಇಲ್ಲದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ ಎಂದು ಅವಳು ಹೇಳುವ ಮೊದಲೇ ನನಗೆ ತಿಳಿದಿತ್ತು. ಅಷ್ಟರ ಮಟ್ಟಿಗೆ ನಾನೂ ಆ ಕ್ಲಾಸು ಓದಿದ್ದೆ.

ಹೊರಡುವ ಮುಂಚೆ ಅವಳು ಮುಚ್ಚಳಗಳ ಮೇಲೆ ತನ್ನ ಊಹೆ ಬರೆದಳು, ಯಾರಾದರೂ ನೋಡಲಿ ಎನ್ನುವಂತೆ ದಪ್ಪಕ್ಷರದಲ್ಲಿ. ಒಳಗಿನ ಟ್ರೇ ಮಧ್ಯಾಹ್ನ ಒಂದು ಗಂಟೆಗೆ ಪಟ್ಟಿಯ ಮೇಲೆ ನಾವು ಗೊತ್ತುಮಾಡಿದ ಬಣ್ಣ ದಾಟುತ್ತದೆ. ಬಾಗಿಲ ಟ್ರೇಗಳು ಊಟ ಮುಗಿಯುವ ತನಕ ದಾಟುವುದಿಲ್ಲ. ಪ್ರತಿ ಟ್ರೇ ಅಲ್ಲಿ ಮುಟ್ಟಿದಾಗ ಎಷ್ಟು ಬೆಚ್ಚಗಿರುತ್ತದೆ ಎಂಬುದನ್ನೂ ಬರೆದಳು.

ಕಲ್ವರ್ ಸಿಟಿಯಲ್ಲಿ ಎಂದಿನಂತೆ ನಿಂತೆವು. ಮೋಡವೂ ಇರಲಿಲ್ಲ. ಯಜಮಾನ ಸ್ಟೀರಿಂಗ್ ಬಡಿದ. ಹುಡುಗಿ ಮಾತ್ರ, "ನಿಲ್ಲಲಿ ಬಿಡಿ ಅಂಕಲ್, ಒಳ್ಳೇ ಟೆಸ್ಟು" ಎಂದಳು.

"ನಿಂದು ಟೆಸ್ಟು, ನಂದು ಹೊಟ್ಟೀಪಾಡು," ಎಂದ ಅವನು.

ಮುಟ್ಟಿದಾಗ ಮಕ್ಕಳು ಒಳಗೆ ಕಾಗುಣಿತ ಒದರುತ್ತಿದ್ದರು. ಟ್ರೇಗಳನ್ನು ಇಳಿಸಿ ಕಡ್ಡಿ ಚುಚ್ಚಿದೆವು. ಬಾಗಿಲ ಟ್ರೇಗಳು ಅವಳು ಬರೆದದ್ದಕ್ಕಿಂತ ಚೂರು ಹೆಚ್ಚೇ ತಣ್ಣಗಿದ್ದವು. ಐಸ್ ಪೆಟ್ಟಿಗೆಯನ್ನು ಅವಳು ಲೆಕ್ಕಕ್ಕೆ ಕಮ್ಮಿ ಹಿಡಿದಿದ್ದಳು. ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ನಂಬರು ಬರೆದಳು. ಒಳಗಿನ ಟ್ರೇ ಬೆಚ್ಚಗಿತ್ತು. ಪಟ್ಟಿ ಅದ್ದಿದಳು. ಇನ್ನೂ ದಾಟಿರಲಿಲ್ಲ.

ಊಟ ಶುರುವಾಯಿತು. ಬಾಗಿಲ ಟ್ರೇಯ ಮೊಸರನ್ನ ಹೋಯಿತು. ನಾನು ಪಂಕ್ತಿಯ ತುದಿಯಲ್ಲಿ ನಿಂತು ಬಾಯಿಗಳನ್ನೇ ನೋಡುತ್ತಿದ್ದೆ. ಅಂದು ಉಗುಳಿದ ಹುಡುಗಿ ಯಾರೆಂದು ಯಜಮಾನ ಕಣ್ಣಲ್ಲೇ ತೋರಿಸಿದ. ಎರಡು ಜಡೆ. ಚಮಚದ ತುದಿಯಲ್ಲಿ ಇಷ್ಟೇ ತೆಗೆದುಕೊಂಡು ಮೂಸಿ ನೋಡಿದಳು. ತಿಂದಳು. ತಾಟು ಹಿಡಿದು ನನ್ನ ಹತ್ತಿರ ಬಂದು, "ಮೋರ್, ಪ್ಲೀಸ್" ಎಂದಳು. "ಕನ್ನಡದಾಗ ಕೇಳಿದ್ರ ಕೊಡ್ತೀನಿ" ಅಂದೆ. "ಇನ್ನೂ ಬೇಕು" ಎಂದಳು. ಎರಡು ಸೌಟು ಹಾಕಿದೆ.

ಅಷ್ಟರಲ್ಲಿ ಹಿಂದಿನಿಂದ ಕಿರುಚಿದ್ದು ಕೇಳಿಸಿತು. ಓಡಿದೆ. ನಮ್ಮ ಗಣಿತದ ಹುಡುಗಿ ಒಳಗಿನ ಟ್ರೇಯ ಮುಂದೆ ಪಟ್ಟಿ ಹಿಡಿದು ಕುಣಿಯುತ್ತಿದ್ದಳು. "ದಾಟಿತು ಆಂಟಿ! ಹುಳಿ ಬಂತು! ಗಂಟೆ ನೋಡಿ!" ಗೋಡೆಯ ಗಡಿಯಾರ ಒಂದನ್ನು ಈಗಷ್ಟೇ ದಾಟಿತ್ತು. ಹುಳಿಯಾಯಿತೆಂದು ಕುಣಿದ ಹೆಂಗಸನ್ನು ನಾನು ಅದಕ್ಕೆ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ. ಯಜಮಾನ ಬಂದು ನೋಡಿ, "ಹುಚ್ಚು ಹಿಡಿತೇನ್ರಿ ಈಕಿಗೆ?" ಎಂದ.

"ಇಲ್ಲೋ. ಆಕಿ ಮುಂಜಾನೆ ಅಲ್ಲಿ ಕುಂತು ಬರದದ್ದು ಇಲ್ಲಿ ಖರೇ ಆತು."

ಅವನು ಮುಚ್ಚಳ ಓದಿದ. ಪಟ್ಟಿ ನೋಡಿದ. ಎರಡೂ ಟ್ರೇಗಳಿಂದ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡ. ಎರಡನೆಯದಕ್ಕೆ ಮುಖ ಹುಳ್ಳಗಾಯಿತು. ಬಾಯಿ ಒರೆಸಿಕೊಂಡು ಕೇಳಿದ: "ಅಕ್ಕಾರ, ಮದುವಿಗೆ ಎಷ್ಟು ಟ್ರೇ ಬೇಕಾಗ್ತಾವು?"

"ಆಕೀನ್ನ ಕೇಳು," ಎಂದೆ.

ಆ ಟ್ರೇಯನ್ನು ನಾನೇ ಒಯ್ದು ಕಸದ ಡಬ್ಬಿಗೆ ಸುರಿದೆ. ಅನ್ನ ಚೆಲ್ಲಿದ ಪಾಪ ಬರುವುದಿದ್ದರೆ ಅರ್ಧ ಆ ಕ್ಯಾನ್ವಾಸ್ ಶೂ ಮೇಡಮ್ಮನಿಗೂ ಬರಲಿ ಎಂದುಕೊಂಡೆ. ತಡೆದುಕೊಳ್ಳುತ್ತಾರೆ, ಗಟ್ಟಿ ಹೆಂಗಸು.

ಮದುವೆಯ ಊಟ ಕಡೆಯ ಪಂಕ್ತಿಯ ತನಕ ಸರಿಹೋಯಿತು. ನಾನು ಆ ಅಡುಗೆಮನೆಯಲ್ಲಿ ಮೊಣಕಾಲು ಕೈಕೊಡುವ ತನಕ ನಿಂತೆ. ಹುಡುಗಿ ಆ ಕ್ಲಾಸಿನಲ್ಲಿ ಒಳ್ಳೆಯ ನಂಬರು ತೆಗೆದಳು, ಈಗ ತಾನೇ ಎಲ್ಲೋ ಕಲಿಸುತ್ತಾಳೆ. ಅವೆಲ್ಲ ಆಮೇಲಿನ ಮಾತು.

ಆ ಭಾನುವಾರ ವಾಪಸ್ ಬಂದು ಮೆಟ್ಟಿಲ ಹತ್ತಿರ ಅಗಲುವಾಗ ಅವಳು ಕಡ್ಡಿ ಥರ್ಮಾಮೀಟರನ್ನು ನನ್ನ ಕೈಲಿಟ್ಟು ಹೋಗಿದ್ದಳು. ಮರುದಿನ ಬೆಳಿಗ್ಗೆ ಎದ್ದು, ಮನೆಯ ಮೊಸರಿಗೆ ಹಾಲು ಕಾಯಿಸಿದೆ. ಆರಲು ಬಿಟ್ಟೆ. ಬೆರಳು ಅದ್ದಿ ನೋಡಿದೆ, ಹೆಪ್ಪು ಹಾಕುವ ಹದ ಎಂದು ಬೆರಳು ಹೇಳಿತು. ಹೆಪ್ಪು ಹಾಕಲಿಲ್ಲ. ಮೊಮ್ಮಗಳ ಪೆನ್ಸಿಲ್ ತೆಗೆದುಕೊಂಡು, ಫ್ರಿಜ್ಜಿಗೆ ಅಂಟಿಸಿದ್ದ ಕಾಗದದ ಮೇಲೆ ದೊಡ್ಡದಾಗಿ ನಲವತ್ತು ಡಿಗ್ರಿ ಎಂದು ಬರೆದೆ. ಆಮೇಲೆ ಕಡ್ಡಿ ಇಳಿಸಿದೆ. ಅದು ನಲವತ್ತಾರು ತೋರಿಸಿತು. ರಬ್ಬರು ಪೆನ್ಸಿಲ್ಲಿನ ತುದಿಯಲ್ಲೇ ಇತ್ತು. ಮುಟ್ಟಲಿಲ್ಲ. ನಲವತ್ತರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ನಲವತ್ತಾರು ಬರೆದು, ಹಾಲು ಆರುವುದನ್ನೇ ಕಾಯುತ್ತಾ ನಿಂತೆ.